ನ್ಯಾಯಾಲಯದ ಆಚೆಗೆ ಉಳಿದ ನೋವು

ಬೆಳ್ತಂಗಡಿ ತಾಲ್ಲೂಕಿನ ಗುರುವಾಯನಕೆರೆ, ಹೆಸರೇ ಹೇಳುವಂತೆ ಕೆರೆಯೊಂದರ ಬದಿಯ ಊರು. ಮಂಗಳೂರಿನಿಂದ ಬಂಟ್ವಾಳದ ಮೂಲಕ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಿಂದ ವೇಣೂರು, ಮೂಡುಬಿದಿರೆ ಕಡೆಯ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಜ್ವರ ಬಂದರೆ, ಕೈ ಮುರಿದರೆ ಯಾವ ಬಸ್ಸು ಹತ್ತಬೇಕೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಮನಸ್ಸಿಗೆ ಬಿದ್ದ ಪೆಟ್ಟಿಗೆ ಮದ್ದು ಹುಡುಕಲು ಯಾವ ಬಸ್ಸು ಹತ್ತಬೇಕು?

ಈ ಪ್ರಶ್ನೆಗೆ ಉತ್ತರ ಇಲ್ಲವೆಂದಲ್ಲ. ಆದರೆ ಉತ್ತರ ಬಹಳ ತಡವಾಗಿ, ತುಂಡುತುಂಡಾಗಿ ಬಂತು. ಅಪರಾಧಿಗೆ ಏನು ಶಿಕ್ಷೆ ಎಂದು ಕಾನೂನು ಒಂದೂವರೆ ಶತಮಾನದಿಂದ ಕೇಳುತ್ತಲೇ ಬಂದಿದೆ. ನೊಂದವರು ಮತ್ತೆ ನೆಮ್ಮದಿಯಾಗಿ ನಿದ್ರಿಸುವುದು ಹೇಗೆ ಎಂದು ಅದು ಕೇಳತೊಡಗಿದ್ದು ತೀರಾ ಈಚೆಗೆ.

ಮಾನ ಹೋದದ್ದು ಯಾರದು?

ನಮ್ಮ ಹಳೆಯ ಪದಗಳೇ ಇದಕ್ಕೆ ಸಾಕ್ಷಿ. ಮಾನಭಂಗ, ಶೀಲಹರಣ ಎಂಬ ಮಾತುಗಳಲ್ಲಿ ಕಳೆದುಹೋಗುವುದು ನೊಂದವಳ ಮಾನ, ಅವಳ ಶೀಲ. ತಪ್ಪು ಮಾಡಿದವನ ಮಾನದ ಪ್ರಸ್ತಾಪವೇ ಅಲ್ಲಿಲ್ಲ. ಮಾನ ಹೋಯಿತೆಂದ ಮೇಲೆ ಅದನ್ನು ಮುಚ್ಚಿಡುವುದೇ ಮನೆಯವರ ಮೊದಲ ಕೆಲಸವಾಗುತ್ತದೆ. ‘ಸಂತ್ರಸ್ತೆ’ ಎಂಬ ಪದ ಬಳಕೆಗೆ ಬಂದಾಗ ದೃಷ್ಟಿ ಮಾನದಿಂದ ಸಂಕಟದ ಕಡೆಗೆ ತಿರುಗಿತು. ಇಂದು ಕೆಲವರು ‘ಬದುಕುಳಿದವರು’ ಎನ್ನುತ್ತಾರೆ. ಆ ಮಾತಿನಲ್ಲಿ ನಾಳೆಯ ಬದುಕಿಗೂ ಜಾಗವಿದೆ.

1860ರ ಭಾರತೀಯ ದಂಡ ಸಂಹಿತೆ ಅತ್ಯಾಚಾರವನ್ನು ಅಪರಾಧವೆಂದು ಕರೆದು ಶಿಕ್ಷೆ ಗೊತ್ತುಮಾಡಿತು. ಆಮೇಲೆ ಈ ಭಾಗ ಹೆಚ್ಚಿನ ಬದಲಾವಣೆ ಕಂಡದ್ದು 1983ರಲ್ಲಿ. ಮಹಾರಾಷ್ಟ್ರದ ಆದಿವಾಸಿ ಬಾಲಕಿಯೊಬ್ಬಳ ಮೇಲೆ 1972ರಲ್ಲಿ ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತ್ತು. ಇದನ್ನು ಪ್ರಶ್ನಿಸಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ದೇಶದ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಅದರ ಫಲವಾಗಿ ಬಂದ ತಿದ್ದುಪಡಿ, ನೊಂದವರ ಹೆಸರು ಪ್ರಕಟಿಸುವುದನ್ನು ನಿಷೇಧಿಸಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕೆಂದಿತು. ಆದರೆ ಅವರ ಚಿಕಿತ್ಸೆಯ ಬಗ್ಗೆ ಅದರಲ್ಲಿ ಮಾತಿರಲಿಲ್ಲ.

ನೋವಿಗೊಂದು ಹೆಸರು

ಇದೇ ಹೊತ್ತಿಗೆ ಅಮೆರಿಕದಲ್ಲಿ ಬೇರೊಂದು ಬೆಳವಣಿಗೆ ನಡೆದಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿನ ಮಹಿಳೆಯರು ಸಣ್ಣ ಗುಂಪುಗಳಲ್ಲಿ ಕುಳಿತು ತಮಗಾದದ್ದನ್ನು ಹೇಳಿಕೊಳ್ಳತೊಡಗಿದರು. ಈ ಚಳವಳಿಯಿಂದಲೇ ಅತ್ಯಾಚಾರಕ್ಕೆ ಒಳಗಾದವರ ನೆರವಿನ ಕೇಂದ್ರಗಳು ಹುಟ್ಟಿದವು. ದಾದಿಯರ ಶಿಕ್ಷಣ ಕ್ಷೇತ್ರದ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಇಂಥ ಮಹಿಳೆಯರನ್ನು ಮಾತನಾಡಿಸಿ 1974ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಬೆಚ್ಚಿಬೀಳುವುದು, ಕೆಟ್ಟ ಕನಸು, ಒಂಟಿಯಾಗಿರಲು ಭಯ, ತನ್ನದೇ ತಪ್ಪೆಂಬ ಕೊರಗು: ಇವು ಹೆಣ್ಣಿನ ದೌರ್ಬಲ್ಯವಲ್ಲ, ಆಘಾತಕ್ಕೆ ಮನಸ್ಸು ಮತ್ತು ದೇಹ ತೋರುವ ಪ್ರತಿಕ್ರಿಯೆ ಎಂಬುದು ಅದರ ಸಾರ. ಯುದ್ಧದಿಂದ ಮರಳಿದ ಸೈನಿಕರಲ್ಲೂ ಇಂಥವೇ ಲಕ್ಷಣಗಳಿದ್ದವು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿತು.

ಕರ್ನಾಟಕದಲ್ಲಿ ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಯೋಚನೆ ಬೇಗನೆ ಮೊಳೆತಿತ್ತು. 1974ರಲ್ಲಿ ಈಗಿನ ರೂಪ ಪಡೆದ ಬೆಂಗಳೂರಿನ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಡುವ ಪ್ರಯೋಗವನ್ನು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಆದರೆ ಅಲ್ಲಿ ಆದ್ಯತೆ ಸಿಕ್ಕಿದ್ದು ತೀವ್ರ ಮನೋರೋಗ, ಮೂರ್ಛೆರೋಗದಂಥವಕ್ಕೆ. ಬಾಯಿಬಿಟ್ಟು ಹೇಳದ ನೋವು ಆ ಲೆಕ್ಕಕ್ಕೆ ಸಿಗಲಿಲ್ಲ.

ಆ ಮೌನ ಒಡೆದವರಲ್ಲಿ ಮಹಿಳಾ ಸಂಘಟನೆಗಳು ಮೊದಲಿಗರು. ಬೆಂಗಳೂರಿನ ವಿಮೋಚನಾ ನೊಂದ ಹೆಣ್ಣುಮಕ್ಕಳ ಮಾತು ಕೇಳಲು ಬಾಗಿಲು ತೆರೆಯಿತು. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ, ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಬಡ ಹೆಂಗಸರ ಸಂಘಗಳನ್ನು ಕಟ್ಟಿತು. ಬೆಂಗಳೂರಿನ ಸಂವಾದ ಸಂಸ್ಥೆ 1990ರ ದಶಕದಲ್ಲಿ ವಿದ್ಯಾರ್ಥಿನಿಯರ ನಡುವೆ ಕಮ್ಮಟಗಳನ್ನು ನಡೆಸಿದಾಗ, ಬಾಲ್ಯದಲ್ಲೇ ದೌರ್ಜನ್ಯ ಕಂಡವರು ಎಷ್ಟೊಂದು ಮಂದಿ ಎಂಬುದು ಬೆಳಕಿಗೆ ಬಂತು. 1996ರಲ್ಲಿ ದೆಹಲಿಯಲ್ಲಿ ಅನುಜಾ ಗುಪ್ತಾ ‘ರಾಹಿ’ ಸಂಸ್ಥೆಯನ್ನು ಆರಂಭಿಸಿದರು. ಬಾಲ್ಯದಲ್ಲಿ ಮನೆಯವರಿಂದಲೇ ದೌರ್ಜನ್ಯಕ್ಕೆ ಒಳಗಾಗಿ ಈಗ ಬೆಳೆದುನಿಂತ ಮಹಿಳೆಯರಿಗಾಗಿಯೇ ಇದ್ದ ಕೇಂದ್ರ ಅದು. 2001ರಲ್ಲಿ ಬೆಂಗಳೂರಿನಲ್ಲಿ ವೈದ್ಯೆಯರಾದ ಸಂಗೀತಾ ಸಕ್ಸೇನಾ ಮತ್ತು ಶೈಬ್ಯಾ ಸಲ್ಡಾನಾ ‘ಎನ್‌ಫೋಲ್ಡ್’ ಸ್ಥಾಪಿಸಿದರು.

ಇದು ಹೆಣ್ಣುಮಕ್ಕಳ ಸಮಸ್ಯೆ ಮಾತ್ರ ಎಂಬ ನಂಬಿಕೆಯನ್ನು 2007ರ ಕೇಂದ್ರ ಸರ್ಕಾರದ ಅಧ್ಯಯನ ಅಲುಗಾಡಿಸಿತು. 13 ರಾಜ್ಯಗಳ 12,447 ಮಕ್ಕಳಲ್ಲಿ ಶೇಕಡ 53.22ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ ಗಂಡು, ಹೆಣ್ಣೆಂಬ ಭೇದವಿಲ್ಲದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ.

ಚಿಕಿತ್ಸೆ ಎಂದರೇನು?

ಆಪ್ತಸಮಾಲೋಚನೆ ಎಂದರೆ ಬುದ್ಧಿ ಹೇಳುವುದಲ್ಲ. ನಡೆದದ್ದನ್ನೆಲ್ಲ ಬಗೆದು ತೆಗೆಯುವುದೂ ಅಲ್ಲ. ಮೊದಲ ಹೆಜ್ಜೆ, ತಾನು ಈಗ ಸುರಕ್ಷಿತ ಎಂಬ ಭರವಸೆ ಮೂಡಿಸುವುದು. ನಡೆದದ್ದನ್ನು ಹೇಳಬೇಕೆ, ಯಾವಾಗ, ಎಷ್ಟು ಹೇಳಬೇಕು ಎಂಬ ತೀರ್ಮಾನ ನೊಂದವರದೇ. ನೆನಪು ಮರುಕಳಿಸಿದಾಗ ಉಸಿರಾಟವನ್ನು ಹತೋಟಿಗೆ ತರುವುದು, ‘ತಪ್ಪು ನನ್ನದೇ’ ಎಂಬ ನಂಬಿಕೆಯನ್ನು ಪರೀಕ್ಷಿಸಿ ನೋಡುವುದು, ಭಯದಿಂದ ಬಿಟ್ಟ ಜಾಗ, ಕೆಲಸಗಳಿಗೆ ನಿಧಾನವಾಗಿ ಮರಳುವುದು ಇದರ ಭಾಗ. ಇಂಥ ಕ್ರಮಬದ್ಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ.

ಬೆಂಬಲ ಗುಂಪಿನ ಕೆಲಸ ಬೇರೆ. ಅದು ವೈದ್ಯರಿಗೆ ಬದಲಿಯಲ್ಲ. ‘ನನಗೊಬ್ಬಳಿಗೇ ಹೀಗಾಯಿತು’ ಎಂಬ ಒಂಟಿತನ ಅಲ್ಲಿ ಕರಗುತ್ತದೆ. ಹೇಳಿದ್ದು ಹೊರಗೆ ಹೋಗಬಾರದು, ಯಾರನ್ನೂ ಮಾತನಾಡಲು ಬಲವಂತ ಮಾಡಬಾರದು ಎಂಬ ಎರಡು ಕಟ್ಟುಪಾಡು ಇಲ್ಲದಿದ್ದರೆ ಗುಂಪು ಗಾಯವನ್ನೇ ಕೆದಕೀತು. ಎಲ್ಲರೂ ಎಲ್ಲರಿಗೂ ಪರಿಚಯವಿರುವ ಸಣ್ಣ ಊರಿನಲ್ಲಿ ಮೊದಲ ಕಟ್ಟುಪಾಡು ಪಾಲಿಸುವುದು ಇನ್ನಷ್ಟು ಕಷ್ಟ. ಊರಿನ ಸಂಘದಲ್ಲಿ ಪಕ್ಕದಲ್ಲಿ ಕೂರುವವಳು ಮಾವನ ಮನೆಯ ಕಡೆಯವಳೇ ಆಗಿರಬಹುದು. ಅಂಥವರಿಗೆ ಹತ್ತಿರದ ಗುಂಪಿಗಿಂತ ದೂರದ ದನಿಯೇ ಅನುಕೂಲ.

ಕಾನೂನು ಕೊಟ್ಟದ್ದೇನು?

ರಾಜ್ಯ ಸರ್ಕಾರ 2000-01ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ‘ಸಾಂತ್ವನ’ ಯೋಜನೆ ಆರಂಭಿಸಿ ನೊಂದ ಮಹಿಳೆಯರಿಗೆ ಆಪ್ತಸಮಾಲೋಚನೆ ಒದಗಿಸಿತು. ದೆಹಲಿಯ 2012ರ ಘಟನೆಯ ನಂತರ, 2013ರ ತಿದ್ದುಪಡಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಪ್ರಥಮ ಚಿಕಿತ್ಸೆ ಕೊಡಬೇಕೆಂದಿತು. 2014ರ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಮಾನಸಿಕ ಆರೈಕೆಯನ್ನೂ ವೈದ್ಯರ ಹೊಣೆಯೊಳಗೆ ಸೇರಿಸಿತು. ದೂರು ಮುಂದುವರಿಸಲು ಇಷ್ಟವಿಲ್ಲದವರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದಿತು. 2015ರಿಂದ ಚಿಕಿತ್ಸೆ, ಪೊಲೀಸ್, ಕಾನೂನು ನೆರವು, ಸಮಾಲೋಚನೆ ಒಂದೇ ಕಡೆ ಸಿಗುವ ‘ಸಖಿ’ ಕೇಂದ್ರಗಳು ಬಂದವು.

ಮಕ್ಕಳಿಗಾಗಿ ಪೋಕ್ಸೊ ನಿಯಮಗಳು ‘ಬೆಂಬಲ ವ್ಯಕ್ತಿ’ ಎಂಬ ಹೊಸ ಸ್ಥಾನ ಸೃಷ್ಟಿಸಿದವು. ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ ಕೊನೆಯವರೆಗೆ ಮಗುವಿನ ಜೊತೆಗಿರುವವರು ಇವರು. ಇಂಥ ನೆರವನ್ನು ಕೇಳಿ ಪಡೆಯುವ ಹೊರೆ ಪೋಷಕರ ವಿವೇಚನೆಗೆ ಬಿಟ್ಟದ್ದಾಗಬಾರದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಇಲ್ಲೊಂದು ಇಕ್ಕಟ್ಟೂ ಇದೆ. ಮಗುವಿನ ಮೇಲಿನ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂಬುದು ಅದೇ ಕಾಯ್ದೆಯ ಕಟ್ಟಳೆ. ಸಮಾಲೋಚಕರೂ ಇದಕ್ಕೆ ಹೊರತಲ್ಲ. ಆದ್ದರಿಂದ ಗುಟ್ಟಾಗಿಡುವ ಮಾತು ಕೊಡುವ ಮುನ್ನ ಈ ಸಂಗತಿಯನ್ನು ಮಗುವಿಗೆ ತಿಳಿಯುವಂತೆ ಹೇಳುವುದು ಪ್ರಾಮಾಣಿಕತೆ.

ಬಸ್ಸು ಹತ್ತುವ ಮೊದಲೇ ಸಿಗುವ ನೆರವೂ ಈಗ ಇದೆ. ಮಹಿಳೆಯರಿಗೆ 181, ಮಕ್ಕಳಿಗೆ 1098, ಮನಸ್ಸಿನ ಸಂಕಟಕ್ಕೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ನ 14416 ದೂರವಾಣಿ ಸಂಖ್ಯೆಗಳಿವೆ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ವಾರ ವಾರವೂ ನಡೆಯಬೇಕಾದ ಚಿಕಿತ್ಸೆಗೆ ಒಂದು ದೂರವಾಣಿ ಕರೆ ಸಾಲದು. ಗುರುವಾಯನಕೆರೆಯಂಥ ಊರಿನಿಂದ ಮಂಗಳೂರಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು, ಶಾಲೆ ತಪ್ಪಿಸಬೇಕು, ಎಲ್ಲಿಗೆ ಹೋಗಿದ್ದೆ ಎಂಬ ನೆರೆಯವರ ಪ್ರಶ್ನೆಗೆ ಉತ್ತರಿಸಬೇಕು.

ಆದ್ದರಿಂದ ಮೊದಲ ಮದ್ದು ಸಿಗಬೇಕಾದ್ದು ಮನೆಯಲ್ಲೇ. ಮಗುವೋ ಮಗಳೋ ಬಾಯಿಬಿಟ್ಟಾಗ ‘ನೀನೇಕೆ ಅಲ್ಲಿಗೆ ಹೋದೆ’ ಎಂದು ಕೇಳಿದರೆ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ‘ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎಂದರೆ ಉಳಿದ ದಾರಿ ಅಲ್ಲಿಂದ ತೆರೆದುಕೊಳ್ಳುತ್ತದೆ. ಕಾನೂನಿಗೆ ಇಷ್ಟು ಕಲಿಯಲು ಒಂದೂವರೆ ಶತಮಾನ ಹಿಡಿಯಿತು. ಮನೆಗಳಿಗೆ ಅಷ್ಟು ಕಾಲ ಬೇಕಿಲ್ಲ.