ಓದಿದವರು ಹೇಳಿದರೆ ಮಾತ್ರ ಸಿಗುವ ಪುಸ್ತಕಗಳು

ಕಾದಂಬರಿಯ ಹೆಸರು ಹೇಗೋ ಊರು ಸುತ್ತುತ್ತದೆ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತದೆ, ಸಿನಿಮಾ ಆಗುತ್ತದೆ. ಗಳಗನಾಥರಂತೂ ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಆದರೆ ಚರಿತ್ರೆ, ಶಾಸನ, ವಿಜ್ಞಾನ, ಭಾಷೆ ಇಂಥ ವಿಷಯದ ಪುಸ್ತಕಗಳಿಗೆ ಆ ಭಾಗ್ಯ ಕಮ್ಮಿ. ಒಳಗೆ ಏನುಂಟು ಅಂತ ಓದಿದವನೊಬ್ಬ ಹೇಳದಿದ್ದರೆ ಇನ್ನೊಬ್ಬನಿಗೆ ತಿಳಿಯುವುದೇ ಇಲ್ಲ. ಓದುಗನಿಂದ ಓದುಗನಿಗೆ ವಿಷಯ ದಾಟುವುದು ಹೇಗೆ ಎಂಬುದಕ್ಕೆ ನಮ್ಮ ಮಂಜೇಶ್ವರದ್ದೇ ಒಂದು ಉದಾಹರಣೆ ಉಂಟು. ಅದು ಶುರುವಾಗುವುದು ಮಾತ್ರ ದೂರದ ಈಜಿಪ್ಟಿನಲ್ಲಿ.

ಅಲ್ಲಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896ರಿಂದ ಅಗೆಯತೊಡಗಿದರು. ಪಪೈರಸ್ ಅಂದರೆ ಜೊಂಡಿನಿಂದ ಮಾಡಿದ ಬರೆಯುವ ಹಾಳೆ. ಅಂಥ ಸಾವಿರಾರು ಚೂರುಗಳು ಸಿಕ್ಕಿದವು. ಒಂದರಲ್ಲಿ ಗ್ರೀಕ್ ಪ್ರಹಸನವಿತ್ತು. ಹಿಂದೂದೇಶದ ಕಡಲ ತೀರದ ಒಬ್ಬ ಅರಸನ ಕೈಯಲ್ಲಿ ಸಿಕ್ಕಿಬಿದ್ದ ಖರಿತಿಯನ್ ಎಂಬ ಗ್ರೀಕ್ ಹುಡುಗಿಯನ್ನು, ಅರಸನಿಗೂ ಅವನ ಕಡೆಯವರಿಗೂ ಚೆನ್ನಾಗಿ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಅರಸನ ಕಡೆಯವರು ಆಡುವ ಕೆಲವು ಮಾತುಗಳು ಗ್ರೀಕ್ ಅಲ್ಲ. 1903ರಲ್ಲಿ ಇದು ಅಚ್ಚಾಯಿತು.

ಅದನ್ನು ಓದಿದವರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರೂ ಒಬ್ಬರು. ಮದ್ರಾಸು ಸರಕಾರದ ಶಾಸನತಜ್ಞರಾಗಿ ದಕ್ಷಿಣದ ಶಾಸನಗಳನ್ನು ಓದಿ ಪಳಗಿದ ಕಣ್ಣು ಅವರದು. ಆ ಮಾತುಗಳು ಕನ್ನಡ ಇರಬಹುದು ಅಂತ 1904ರಲ್ಲಿ ಅವರು ಬರೆದರು. ಅವರು ಬರೆದದ್ದನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಮುಂದುವರಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದವರು ಇವರೇ. ಲಂಡನ್ನಿನ ಬಾರ್ನೆಟ್ 1926ರಲ್ಲಿ, ಇದು ಕನ್ನಡವೇ ಅಲ್ಲ ಅಂತ ವಾದ ಹೂಡಿದರು. ಈ ಚರ್ಚೆಗೆ ಮಂಜೇಶ್ವರದಲ್ಲಿ ಕೂತು ಕೈ ಹಾಕಿದವರು ನಮ್ಮ ಗೋವಿಂದ ಪೈಗಳು. ತುಳುನಾಡಿನ ಚರಿತ್ರೆ ಬರೆದ ಸಾಲೆತ್ತೂರರೂ ಇದನ್ನು ಎತ್ತಿಕೊಂಡರು. ಆ ಮಾತು ಕನ್ನಡವೋ ತುಳುವೋ ಎರಡೂ ಅಲ್ಲವೋ ಎಂಬುದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಅದು ಬಗೆಹರಿಯಲಿ, ಬಿಡಲಿ. ನಾನು ನೋಡುವುದು ಪುಸ್ತಕ ಬಂದ ದಾರಿಯನ್ನು. ಈಜಿಪ್ಟಿನ ಕಸದ ದಿಬ್ಬದಿಂದ ಮಂಜೇಶ್ವರದವರೆಗೆ ಈ ಸಂಗತಿಯನ್ನು ತಂದದ್ದು ಜಾಹೀರಾತಲ್ಲ. ಒಬ್ಬ ಓದಿದ, ಬರೆದ. ಅದನ್ನು ಇನ್ನೊಬ್ಬ ಓದಿದ, ಒಪ್ಪಿದ ಇಲ್ಲವೇ ಜಗಳಾಡಿದ.

ಮಂಜೇಶ್ವರದಲ್ಲಿ ಆಗ ವಿಶ್ವವಿದ್ಯಾನಿಲಯ ಇರಲಿಲ್ಲ. ಪೈಗಳು ಹಲವು ಭಾಷೆ ಕಲಿತು, ತಮ್ಮ ಮನೆಯನ್ನೇ ಗ್ರಂಥಾಲಯ ಮಾಡಿಕೊಂಡರು. ಅವರು ತೀರಿಕೊಂಡದ್ದು 1963ರಲ್ಲಿ. ಅವರ ಪುಸ್ತಕಗಳು ಈಗ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ, ಅವರದೇ ಹೆಸರಿನ ಸಂಶೋಧನ ಕೇಂದ್ರದಲ್ಲಿ ಉಂಟು.

ನಮ್ಮ ಕಥೆಗೆ ಬರೋಣ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಗ್ರಂಥಾಲಯದ ಮಟ್ಟಿಗೆ ಕೇರಳ ಹಿಂದುಳಿದ ನಾಡಲ್ಲ. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಮಾಡಿ ಕಟ್ಟಿದ ಸಂಘ ದೊಡ್ಡ ಚಳವಳಿಯಾಗಿ ಬೆಳೆಯಿತು. ಅವರು ತೀರಿಕೊಂಡ ಜೂನ್ 19ನ್ನು ಇಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಇದರ ಪ್ರಯೋಜನ ನಮಗೂ ಸಿಕ್ಕಿದೆ, ಇಲ್ಲ ಅನ್ನಬಾರದು. ಆದರೆ ಮಲಯಾಳದಲ್ಲಿ ಹೊಸ ಪುಸ್ತಕ ಬಂದರೆ ಅದರ ಮಾತು ಪೇಟೆಯಲ್ಲೇ ಕೇಳುತ್ತದೆ. ಧಾರವಾಡದಲ್ಲಿ, ಹಂಪಿಯಲ್ಲಿ, ಬೆಂಗಳೂರಿನಲ್ಲಿ ಅಚ್ಚಾದ ಒಂದು ಚರಿತ್ರೆಯ ಪುಸ್ತಕದ ಸುದ್ದಿ ನಮ್ಮ ಕಪಾಟಿಗೆ ಮುಟ್ಟುವುದಿಲ್ಲ. ಮುಟ್ಟಿದರೂ ಅದು ಬೆನ್ನು ತೋರಿಸಿಕೊಂಡು ಕಪಾಟಿನಲ್ಲೇ ಕೂತಿರುತ್ತದೆ.

ಇದರ ನಷ್ಟ ಮಕ್ಕಳಿಗೆ. ಕನ್ನಡ ಮಾಧ್ಯಮದ ಹುಡುಗ ಕನ್ನಡದಲ್ಲಿ ಕಥೆ, ಕವನ ಮಾತ್ರ ನೋಡಿದರೆ, ತಿಳುವಳಿಕೆಯ ವಿಷಯ ಏನಿದ್ದರೂ ಇಂಗ್ಲಿಷಿನಲ್ಲೇ ಅಂತ ತಿಳಿಯುತ್ತಾನೆ. ಶಿವರಾಮ ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟ ‘ವಿಜ್ಞಾನ ಪ್ರಪಂಚ’ ಬರೆದದ್ದು ಅವನಿಗೆ ಯಾರು ಹೇಳಬೇಕು? ಹಾಗೆ ತಿಳಿದ ಹುಡುಗ ನಾಳೆ ತನ್ನ ಮಗುವನ್ನು ಕನ್ನಡ ಶಾಲೆಗೆ ಯಾಕೆ ಕಳಿಸಿಯಾನು?

ಇದಕ್ಕೆ ಸರಕಾರ ಬರಬೇಕಂತಿಲ್ಲ. ವಾಚನಾಲಯದ ಮೇಜಿನ ಮೇಲೆ ಒಂದು ನೋಟು ಪುಸ್ತಕ ಇಡೋಣ. ಪುಸ್ತಕ ಹಿಂದೆ ಕೊಡುವವರು ಎರಡೇ ಸಾಲು ಬರೆಯಲಿ: ಇದರಲ್ಲಿ ಏನುಂಟು, ಯಾರಿಗೆ ಉಪಯೋಗ. ಹಿಡಿಸದಿದ್ದರೆ ಅದನ್ನೂ ಬರೆಯಲಿ. ಬಾರ್ನೆಟ್ ಒಪ್ಪಲಿಲ್ಲ ಅಂತ ಚರ್ಚೆ ನಿಂತಿತೇ? ಓದಿದ ಪುಸ್ತಕದ ಕೊನೆಯಲ್ಲಿರುವ ಪುಸ್ತಕಗಳ ಪಟ್ಟಿ ನೋಡಿ, ಅದರಿಂದ ಒಂದು ಹೆಸರನ್ನೂ ಗುರುತು ಹಾಕಲಿ. ಅಧ್ಯಾಪಕರು ವಾರಕ್ಕೊಮ್ಮೆ, ತರಗತಿಯ ಐದು ನಿಮಿಷ, ತಾವು ಓದಿದ ಒಂದು ಪುಸ್ತಕದ ಬಗ್ಗೆ ಮಕ್ಕಳ ಹತ್ತಿರ ಮಾತಾಡಲಿ. ಮುಂದಿನ ವರ್ಷ ಪುಸ್ತಕ ಕೊಳ್ಳಲು ಹೋಗುವವರ ಕೈಯಲ್ಲಿ ಆ ನೋಟು ಪುಸ್ತಕವೇ ಇರಲಿ.