ತಿರುಪು ಮುಚ್ಚಳದ ಯಂತ್ರ

ಅಲ್ಯೂಮಿನಿಯಂ ಮುಚ್ಚಳ ಈ ಯಂತ್ರಕ್ಕೆ ಬರುವಾಗ ಅದರಲ್ಲಿ ಥ್ರೆಡ್ಡೇ ಇರುವುದಿಲ್ಲ. ಬರೀ ನುಣುಪು ಟೋಪಿ. ಯಂತ್ರದ ತಲೆ ಮೇಲಿನಿಂದ ಅದುಮಿದಾಗ ಒಳಗಿನ ಲೈನರ್ ಪದರ ವೈನ್ ಬಾಟಲಿಯ ಬಾಯಿಗೆ ಬಿಗಿಯಾಗಿ ಕೂರುತ್ತದೆ. ಆಗ ಸುತ್ತ ತಿರುಗುವ ರೋಲರ್‌ಗಳು ಗಾಜಿನ ಕತ್ತಿನ ಥ್ರೆಡ್ಡನ್ನೇ ಅಚ್ಚು ಮಾಡಿಕೊಂಡು ಮುಚ್ಚಳದ ಮೇಲೆ ಅದನ್ನು ಮೂಡಿಸುತ್ತವೆ. ಇನ್ನೆರಡು ರೋಲರ್‌ಗಳು ಕೆಳ ಅಂಚನ್ನು ಗಾಜಿನ ಉಬ್ಬಿನಡಿಗೆ ಮಡಚುತ್ತವೆ. ಮೊದಲ ಸಲ ತೆರೆದಾಗ ಕೇಳುವ ‘ಟಕ್’ ಸದ್ದು ಆ ಅಂಚು ಬೇರ್ಪಟ್ಟದ್ದು. ಒತ್ತಡ ಹೆಚ್ಚಾದರೆ ಮುಚ್ಚಳ ಹರಿಯುತ್ತದೆ, ಕಡಿಮೆಯಾದರೆ ವೈನ್ ಸೋರುತ್ತದೆ. ವೈನ್ ಮುಚ್ಚಳದ ರೂಢಿಯ ಅಳತೆ 30 × 60 ಮಿ.ಮೀ.

ವೈನ್ ತಯಾರಿಕೆ ನಮಗೆ ದೂರದ್ದಲ್ಲ: ಯಶವಂತಪುರದಿಂದ ಯಲಹಂಕ ದಾಟುವ ರೈಲುಹಾದಿಯಲ್ಲೇ ದೊಡ್ಡಬಳ್ಳಾಪುರವಿದೆ. 1988ರಲ್ಲಿ ಗ್ರೋವರ್ ವೈನ್ ಉದ್ಯಮ ಶುರುವಾದದ್ದು ಅಲ್ಲಿ. ಕಾರ್ಕಿನ ಗತ್ತು ತಿರುಪು ಮುಚ್ಚಳಕ್ಕಿಲ್ಲ, ನಿಜ. ಆದರೆ ಬೇಗ ಕುಡಿದು ಮುಗಿಸುವ ವೈನ್‌ಗೆ ಇದೇ ಮೇಲು.

ರೋಲರ್‌ಗಳನ್ನು ದಯವಿಟ್ಟು ಮುಟ್ಟಬೇಡಿ.