ಮಂಗನ ಕಾಯಿಲೆ ಮತ್ತು ಆರು ಜರ್ನಲ್ಲುಗಳು

ಮಂಗನ ಕಾಯಿಲೆಯ ಬಗ್ಗೆ ಹಳೆಯ ಸಂಶೋಧನಾ ಲೇಖನಗಳನ್ನು ಕೆದಕುತ್ತಾ ಕೂತಾಗ ನನಗೆ ಮೊದಲು ಕಿರಿಕಿರಿಯಾಯಿತು, ಆಮೇಲೆ ಕುತೂಹಲ ಹುಟ್ಟಿತು. 'ಕ್ಯಾಸನೂರು ಕಾಡಿನ ಕಾಯಿಲೆ' ಅಂತ ನಂಬರ್ ಹಾಕಿ ಬರೆದ ಒಂದು ಲೇಖನ ಸರಣಿ ಇದೆ. ಅದರ ಮೂರನೇ ಭಾಗ ಮುಂಬಯಿಯ ಒಂದು ಪತ್ರಿಕೆಯಲ್ಲಿ, ಎಂಟನೇ ಭಾಗ ದೆಹಲಿಯ ಇನ್ನೊಂದು ಪತ್ರಿಕೆಯಲ್ಲಿ! ಕಾದಂಬರಿಯ ಮೂರನೇ ಕಂತು ಸುಧಾದಲ್ಲಿ, ಎಂಟನೇ ಕಂತು ತರಂಗದಲ್ಲಿ ಬಂದರೆ ಹೇಗಿರುತ್ತೆ ಹೇಳಿ? ಇವರಿಗೆ ಒಂದೇ ಕಡೆ ಬರೆಯೋಕೆ ಏನಾಗಿತ್ತು ಅನ್ನಿಸಿತು. ಆದರೆ ಕೂತು ಪಟ್ಟಿ ಮಾಡಿ ನೋಡಿದಾಗ ಇದು ಎಡವಟ್ಟಲ್ಲ, ಬಹುಪಾಲು ಯೋಚಿಸಿ ಮಾಡಿದ್ದೇ ಇರಬೇಕು ಅನ್ನಿಸತೊಡಗಿತು. ಅದನ್ನೇ ಇಲ್ಲಿ ಹೇಳೋದಕ್ಕೆ ಹೊರಟಿದ್ದೇನೆ.

ನಾನು ವೈದ್ಯನಲ್ಲ. ಹೊಸದುರ್ಗದ ಕಡೆಯವನು, ಹಾಲುರಾಮೇಶ್ವರಕ್ಕೆ ಹತ್ತಿರ. ನಮ್ಮದು ಬಯಲುಸೀಮೆ, ಮಂಗನ ಕಾಯಿಲೆ ಅನ್ನೋದು ನಮಗೆ ಪೇಪರಿನಲ್ಲಿ ಓದುವ ಮಲೆನಾಡಿನ ಸುದ್ದಿ. ಆದರೂ ಒಂದು ಕಾಯಿಲೆಗೆ ನಮ್ಮ ನಾಡಿನ ಒಂದು ಕಾಡಿನ ಹೆಸರು ಸೇರಿಕೊಂಡು ಲೋಕದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಕೂತಿದೆ ಅಂದರೆ ಅದು ಹೇಗೆ ಅಲ್ಲಿಗೆ ಹೋಯಿತು ಅಂತ ತಿಳಿಯುವ ಆಸೆ ಇದ್ದೇ ಇರುತ್ತದಲ್ಲ.

ಕಥೆ ಬಹಳ ಜನಕ್ಕೆ ಗೊತ್ತಿರೋದೇ. 1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಅನ್ನುವ ವರದಿ ಹೋಯಿತು. ಜತೆಗೆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನಕ್ಕೂ ಜೋರು ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಫೌಂಡೇಶನ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಶುರುಮಾಡಿದ್ದ ವೈರಸ್ ಸಂಶೋಧನಾ ಕೇಂದ್ರ ಇತ್ತು (ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ). ಅಲ್ಲಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ತಂಡ ಬಂತು. ಅವರ ಎದೆಯಲ್ಲಿದ್ದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿರುವ ಹಳದಿ ಜ್ವರ ಏಷ್ಯಾಕ್ಕೆ ಇವತ್ತಿನವರೆಗೂ ಬಂದು ನೆಲೆಯೂರಿಲ್ಲ. ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯೋದು ಅದರ ಮುನ್ಸೂಚನೆ. ಅದೇನಾದರೂ ಸೊರಬಕ್ಕೆ ಬಂದಿದ್ದರೆ... ಯೋಚನೆ ಮಾಡಿ.

ಅದಲ್ಲ ಅಂತ ಬೇಗನೇ ಗೊತ್ತಾಯಿತು. ಸಿಕ್ಕ ವೈರಸ್ ರಷ್ಯಾದ ವಸಂತ-ಬೇಸಿಗೆಯ ಮಿದುಳುಜ್ವರದ ವೈರಸ್ಸಿನ ಸಂಬಂಧಿ, ಹರಡುವುದು ಉಣ್ಣೆಗಳಿಂದ. ಆ ವರ್ಷ ಒಟ್ಟು 466 ಜನಕ್ಕೆ ಕಾಯಿಲೆ ಬಂತೆಂದು ಲೆಕ್ಕವಿದೆ, ಮರುವರ್ಷ 181.

ಈಗ ವಿಷಯಕ್ಕೆ ಬರೋಣ. ಕೈಯಲ್ಲಿ ಹೊಸ ಕಾಯಿಲೆ ಇದೆ, ಹೊಸ ವೈರಸ್ ಇದೆ. ಎಲ್ಲಿ ಪ್ರಕಟಿಸೋದು? ಅಮೆರಿಕದವರು, ರಾಕ್‌ಫೆಲರ್ ಹೆಸರು ಬೆನ್ನಿಗಿದೆ, ದೊಡ್ಡ ದೊಡ್ಡ ಪತ್ರಿಕೆಗಳು ಬಾಗಿಲು ತೆರೆದುಕೊಂಡಿದ್ದವು ಅಂತಲೇ ಇಟ್ಟುಕೊಳ್ಳಿ. ಆದರೆ ಮೊದಲ ಸುದ್ದಿ ಬಂದದ್ದು ಮುಂಬಯಿಯ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್'ನಲ್ಲಿ, 1957ರ ಮೇ ಸಂಚಿಕೆ, ಬರೀ ಎರಡು ಪುಟ. ಮಾರ್ಚಿನಲ್ಲಿ ಮಂಗ ಸತ್ತ ಸುದ್ದಿ, ಮೇ ತಿಂಗಳಲ್ಲಿ ಅಚ್ಚಿನಲ್ಲಿ ವರದಿ. ಇಮೇಲ್ ಇಲ್ಲದ ಕಾಲ, ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಅದು! ಆಗಸ್ಟ್ ಸಂಚಿಕೆಯಲ್ಲಿ ಅದೇ ಪತ್ರಿಕೆಯಲ್ಲಿ ಮನುಷ್ಯರಲ್ಲಿ ಕಾಯಿಲೆ ಹೇಗೆ ಕಾಣಿಸಿಕೊಳ್ಳುತ್ತದೆ ಅಂತ 27 ಪುಟದ ಲೇಖನ. ಅದರಲ್ಲಿ ವರ್ಕ್, ಟ್ರಾಪಿಡೊ ಜತೆಗೆ ನರಸಿಂಹಮೂರ್ತಿ, ಲಕ್ಷ್ಮಣರಾವ್, ಭಟ್, ಕುಲಕರ್ಣಿ ಅವರ ಹೆಸರುಗಳೂ ಇವೆ. ಇದೇ ಆ ಮೂರನೇ ಭಾಗ.

ಸಂಶೋಧನಾ ಮಂಡಳಿಯದ್ದೇ ಸ್ವಂತ ಪತ್ರಿಕೆ ಇತ್ತಲ್ಲ, 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್', 1913ರಿಂದ ಬರುತ್ತಿದ್ದದ್ದು? ಅಲ್ಲಿಗೇಕೆ ಮೊದಲು ಕೊಡಲಿಲ್ಲ? ನನಗೆ ಕಾಣುವ ಕಾರಣ ಸರಳ: 1957ರಲ್ಲಿ ಅದು ತ್ರೈಮಾಸಿಕ. 1958ರಲ್ಲಿ ಎರಡು ತಿಂಗಳಿಗೊಮ್ಮೆ ಆಯಿತು, ಮಾಸಿಕ ಆಗಿದ್ದು 1964ರಲ್ಲಿ. ಮುಂಬಯಿಯದ್ದು ತಿಂಗಳಿಗೊಂದು. ಮಳೆಗಾಲಕ್ಕೆ ಕಾಯಿಲೆ ಇಳಿಯುತ್ತೆ, ಚಳಿಗಾಲ ಮುಗಿಯುತ್ತಿದ್ದ ಹಾಗೆ ಮತ್ತೆ ಏರುತ್ತೆ. ಮುಂದಿನ ಸುಗ್ಗಿಯೊಳಗೆ ನಮ್ಮ ದೇಶದ ವೈದ್ಯರ ಕೈಗೆ ಲಕ್ಷಣಗಳ ವಿವರ ಸಿಗಬೇಕು ಅಂದರೆ ಬೇಗ ಅಚ್ಚಾಗುವ, ಇಲ್ಲಿಯ ವೈದ್ಯರು ಚಂದಾ ಕಟ್ಟಿ ಓದುವ ಪತ್ರಿಕೆಯೇ ಸರಿ. ಇದು ನನ್ನ ಊಹೆ, ಆದರೆ ತಾರೀಖುಗಳು ಅದಕ್ಕೆ ಒಪ್ಪುತ್ತವೆ.

ಆಮೇಲೆ ನೋಡಿ ಮಜಾ. 1958ರಲ್ಲಿ ವರ್ಕ್ ಒಬ್ಬರೇ 'ಭಾರತದಲ್ಲಿ ರಷ್ಯಾದ ವಸಂತ-ಬೇಸಿಗೆ ವೈರಸ್' ಅನ್ನುವ ಅರ್ಥದ ಶೀರ್ಷಿಕೆ ಕೊಟ್ಟು 'ಪ್ರೋಗ್ರೆಸ್ ಇನ್ ಮೆಡಿಕಲ್ ವೈರಾಲಜಿ'ಯ ಮೊದಲ ಸಂಪುಟದಲ್ಲಿ ಬರೆದರು. ಅಲ್ಲಿ ಕ್ಯಾಸನೂರು ಶೀರ್ಷಿಕೆಯ ಬಾಲದಲ್ಲಿ ಬರುತ್ತದೆ. ಯಾಕೆಂದರೆ ಓದುಗರು ಲೋಕದ ವೈರಾಲಜಿಸ್ಟರು. ಅವರಿಗೆ ಸೊರಬ ಎಲ್ಲಿದೆ ಅಂತ ಗೊತ್ತಿಲ್ಲ, ರಷ್ಯಾದ ವೈರಸ್ ಗೊತ್ತು. ಅದೇ ವರ್ಷ ಲಕ್ಷ್ಮಣರಾವ್ ಅವರು ರೋಗಿಗಳಲ್ಲಿ ಕಂಡದ್ದನ್ನು ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಓದುಗರು ಊರೂರಿನ ಸಾಮಾನ್ಯ ಡಾಕ್ಟರುಗಳು. 1959ರಲ್ಲಿ ಹಿಂದಿನ ವರ್ಷದ ಸಾಂಕ್ರಾಮಿಕದ ಲೇಖನ 'ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್'ನಲ್ಲಿ. ಅದೇ ವರ್ಷ ಉಣ್ಣೆಗಳಿಂದಲೇ ವೈರಸ್ ಬೇರ್ಪಡಿಸಿದ ಎಂಟನೇ ಭಾಗ ಮಂಡಳಿಯ ಪತ್ರಿಕೆಯಲ್ಲಿ. ಪ್ರಯೋಗಾಲಯದ ಕೆಲಸ, ನಿಧಾನವಾಗಿ ಬಂದರೂ ಪರವಾಗಿಲ್ಲ, ಗಟ್ಟಿಯಾಗಿ ದಾಖಲಾಗಬೇಕು. 1961ರಲ್ಲಿ ವೆಬ್ ಮತ್ತು ರಾವ್ ಸೇರಿ ಕೆಲವು ರೋಗಿಗಳಲ್ಲಿ ನರಮಂಡಲಕ್ಕೂ ತೊಂದರೆಯಾಗುವುದನ್ನು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಪತ್ರಿಕೆಯಲ್ಲಿ ವಿವರಿಸಿದರು. ಎಣಿಸಿದರೆ ಆರು ಪತ್ರಿಕೆ, ಆರು ಬಗೆಯ ಓದುಗರು.

ಇದರಲ್ಲಿ ನನಗೆ ಸಂಕಟ ಕೊಡೋದು ಕೊನೆಯದ್ದು. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ವಾಸಿಯಾಯಿತು ಅಂದುಕೊಂಡ ಒಂದೆರಡು ವಾರದ ಮೇಲೆ ಮತ್ತೆ ಜ್ವರ ಮರುಕಳಿಸಿ ತೀವ್ರ ತಲೆನೋವು, ನಡುಕ, ಗೊಂದಲ ಶುರುವಾಗಬಹುದು. ಸಾಗರದ ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ತುಂಬಾ ಬೇಕಾದ ಮಾಹಿತಿ ಇದು. ಅದರ ವಿವರ ಅಚ್ಚಾದದ್ದು ಲಂಡನ್ನಿನಲ್ಲಿ! ಆಗ ಲೇಖನ ಬೇಕಾದರೆ ಲೇಖಕರಿಗೆ ಒಂದು ಕಾರ್ಡು ಬರೆದು ರೀಪ್ರಿಂಟ್ ಕಳಿಸಿ ಅಂತ ಕೇಳಿಕೊಂಡು ಕಾಯಬೇಕು. ಕಾರ್ಡು ಬರೆಯಲಿಕ್ಕೂ ಅಂಥದ್ದೊಂದು ಲೇಖನ ಇದೆ ಅಂತ ಮೊದಲು ಗೊತ್ತಿರಬೇಕಲ್ಲ? ಕನ್ನಡದ ಮಾತಂತೂ ಕೇಳಲೇಬೇಡಿ, ಆರರಲ್ಲಿ ಆರೂ ಇಂಗ್ಲೀಷು.

ಹಾಗಂತ ಎಲ್ಲ ನಮ್ಮಲ್ಲೇ ಪ್ರಕಟವಾಗಲಿ ಅನ್ನೋದೂ ಸುಲಭದ ಮಾತಲ್ಲ. ಸರ್ಪಗಂಧದ ಕಥೆ ನೋಡಿ. ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಇದು ಮದ್ದು ಅಂತ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ 'ಇಂಡಿಯನ್ ಮೆಡಿಕಲ್ ವರ್ಲ್ಡ್'ನಲ್ಲಿ ಬರೆದಿದ್ದರು. ಹೊರಗಿನವರು ಕಿವಿಗೊಟ್ಟದ್ದು 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಬಂದ ಮೇಲೆ. ಮೂರು ವರ್ಷಕ್ಕೆ, 1952ರಲ್ಲಿ, ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ತೆಗೆದರು. 1957ರಲ್ಲಿ ವಕೀಲರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಸೇನ್ ಮತ್ತು ಬೋಸ್ ಬರೆದದ್ದು ಸುಳ್ಳಾಗಿರಲಿಲ್ಲ. ಬೇಕಾದವರ ಮೇಜಿನ ಮೇಲೆ ಆ ಪತ್ರಿಕೆ ಇರಲಿಲ್ಲ, ಅಷ್ಟೇ.

ಹೆಸರಿನದ್ದೂ ಒಂದು ಪಾತ್ರ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಕಾಯಿಲೆ 1977ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಬಂದದ್ದು ಮಲೆನಾಡಿನ ಸ್ಥಳೀಯ ವಂಶವಾಹಿ ಸಂಧಿವಾತ ಅನ್ನುವ ಅರ್ಥದ ಹೆಸರಲ್ಲಿ. ಅದೇ ಕಾಯಿಲೆ 1994ರಲ್ಲಿ 'ಸ್ಕೆಲಿಟಲ್ ರೇಡಿಯಾಲಜಿ' ಅನ್ನುವ ಎಕ್ಸ್‌ರೇ ತಜ್ಞರ ಪತ್ರಿಕೆಗೆ ಹೋದಾಗ ಹಂದಿಗೋಡು ಕಾಯಿಲೆ ಅಂತಲೇ ಹೋಯಿತು, ಹಿಂದೆ ಒಂದು ಮೊಳ ಉದ್ದದ ಎಲುಬಿನ ಹೆಸರು. ಮೊದಲಿನದ್ದನ್ನು ಹುಡುಕುವವನಿಗೆ ಎರಡನೆಯದ್ದು ಸಿಗೋದಿಲ್ಲ.

ಮಂಗನ ಕಾಯಿಲೆಗೆ ವಾಪಸ್ ಬರ್ತೀನಿ, ಅಲ್ಲಿ ನಿಜವಾದ ತಿರುವು ಲಸಿಕೆಯದ್ದು. 1994ರಲ್ಲಿ ಮಂಡಳಿಯ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ ಎರಡು ಡೋಸ್ ಹಾಕಿಸಿಕೊಂಡರೆ ಶೇ. 93.5 ರಕ್ಷಣೆ. ವರ್ಷಾನುಗಟ್ಟಲೆ ಆ ಅಂಕಿಯೇ ಎಲ್ಲರ ಬಾಯಲ್ಲಿ. 2013ರಲ್ಲಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದ ಗುಡದಪ್ಪ ಕಸಬಿ ಮತ್ತು ಸಂಗಡಿಗರು 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದರೆ ಎರಡು ಡೋಸಿಗೆ ಶೇ. 62.4, ಬೂಸ್ಟರ್ ಕೂಡ ಹಾಕಿಸಿದರೆ ಶೇ. 82.9. ಇದನ್ನವರು ಪ್ರಕಟಿಸಿದ್ದು 'ಪಿಎಲ್ಒಎಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್' ಅನ್ನುವ ಪತ್ರಿಕೆಯಲ್ಲಿ. 2007ರಲ್ಲಿ ಶುರುವಾದದ್ದು, ಅಚ್ಚಿನ ಪ್ರತಿಯೇ ಇಲ್ಲ, ಯಾರು ಬೇಕಾದರೂ ಬಿಟ್ಟಿ ಓದಬಹುದು. ತೀರ್ಥಹಳ್ಳಿಯ ಡಾಕ್ಟರಾಗಲಿ, ಶಿವಮೊಗ್ಗದ ವರದಿಗಾರನಾಗಲಿ, ಹೊಸದುರ್ಗದ ನನ್ನಂಥವನಾಗಲಿ. ಸರ್ಕಾರ ಹಂಚುತ್ತಿದ್ದ ಲಸಿಕೆ ಅಂದುಕೊಂಡಷ್ಟು ಕೆಲಸ ಮಾಡುತ್ತಿಲ್ಲ ಅನ್ನುವ ಮಾತನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಹೇಳದೆ ಬಯಲಲ್ಲಿ ನಿಂತು ಹೇಳಿದ ಹಾಗೆ. ಅದು ನನಗೆ ಬಹಳ ಮೆಚ್ಚುಗೆಯಾದ ಆಯ್ಕೆ. ಆ ಹಳೆಯ ಲಸಿಕೆ ಕೊಡುವುದು 2022ರಲ್ಲಿ ನಿಂತಿತು.

ಇದಕ್ಕೊಂದು ವಿಚಿತ್ರ ಬಾಲಂಗೋಚಿ. 2015ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿ, ವೈದ್ಯ ಕಾಲೇಜಿನ ಅಧ್ಯಾಪಕರ ಬಡ್ತಿಗೆ ಬರೀ ಎಲೆಕ್ಟ್ರಾನಿಕ್ ರೂಪದ ಪತ್ರಿಕೆಗಳ ಲೇಖನ ಲೆಕ್ಕಕ್ಕಿಲ್ಲ ಅಂದಿತು. ಅಂದರೆ ಅಂಥದ್ದೇ ಲೇಖನವನ್ನು ಒಬ್ಬ ಅಧ್ಯಾಪಕ 2016ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದಿದ್ದರೆ ಬಡ್ತಿಗೆ ಸೊನ್ನೆ! ಯಾರೂ ಓದದ ಪತ್ರಿಕೆಯಾದರೂ ಕಾಗದದ ಮೇಲೆ ಅಚ್ಚಾಗಿ ಪಟ್ಟಿಯಲ್ಲಿದ್ದರೆ ಅಂಕ ಸಿಗುತ್ತಿತ್ತು :-) 2020ರಲ್ಲಿ ಆ ನಿಯಮವನ್ನು ತಿದ್ದಿದರು. ಅಷ್ಟರಲ್ಲಿ ಅಂಕಕ್ಕಾಗಿ ಪತ್ರಿಕೆ ಹುಡುಕುವ ಅಭ್ಯಾಸ ಬೇರೂರಿತ್ತು, ದುಡ್ಡು ತೆಗೆದುಕೊಂಡು ಏನು ಕೊಟ್ಟರೂ ಅಚ್ಚು ಹಾಕುವವರಿಗೆ ಸುಗ್ಗಿ. ಹೈದರಾಬಾದಿನ ಓಮಿಕ್ಸ್ ಕಂಪನಿಗೆ 2019ರಲ್ಲಿ ಅಮೆರಿಕದ ನ್ಯಾಯಾಲಯ ಐದು ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶ ಮಾಡಿದ್ದು ಇಂಥ ವ್ಯವಹಾರಕ್ಕೇ.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಎಂ.ಡಿ. ಮಾಡುತ್ತಿದ್ದಾಳೆ. ಅವಳಿಗೆ ದಿನಕ್ಕೆರಡು ಪತ್ರ ಬರುತ್ತವಂತೆ, "ಪೂಜ್ಯ ಪ್ರಾಧ್ಯಾಪಕರೇ, ತಮ್ಮ ಅಮೂಲ್ಯ ಲೇಖನ ಕಳಿಸಿ, 72 ಗಂಟೆಯಲ್ಲಿ ಒಪ್ಪಿಗೆ" ಅಂತ. ಅವಳಿನ್ನೂ ವಿದ್ಯಾರ್ಥಿನಿ! ಹಾಲುರಾಮೇಶ್ವರದ ಕೊಳದ ಮುಂದೆ ಕೂತು ಬೇಡಿಕೊಂಡರೆ ಗಂಗಮ್ಮ ಕೊಡುವ ಪ್ರಸಾದ ನೀರಿನಿಂದ ತೇಲಿ ಬರುತ್ತೆ ಅನ್ನುವ ನಂಬಿಕೆ ನಮ್ಮ ಕಡೆ ಇದೆಯಲ್ಲ. ಅಲ್ಲೂ ಜನ ಗಂಟೆಗಟ್ಟಲೆ ಕಾಯ್ತಾರೆ, ಕೆಲವರಿಗೆ ಏನೂ ಬರೋದೇ ಇಲ್ಲ. 72 ಗಂಟೆಯ ಗ್ಯಾರಂಟಿ ಅಲ್ಲೂ ಇಲ್ಲ ಕಣಮ್ಮ ಅಂದೆ.

ಅವಳ ಥೀಸಿಸ್ ಚಿತ್ರದುರ್ಗ ಸೀಮೆಯ ಬಸುರಿಯರ ರಕ್ತಹೀನತೆಯ ಮೇಲೆ. ಯಾವುದಕ್ಕೆ ಕಳಿಸಲಿ ಅಂತ ಕೇಳಿದಳು. ಇಂಪ್ಯಾಕ್ಟ್ ಫ್ಯಾಕ್ಟರಿನ ಕೋಷ್ಟಕ ಪಕ್ಕಕ್ಕಿಡು, ನಿನ್ನ ಲೇಖನದ ಕೊನೆಯಲ್ಲಿ ನೀನೇ ಉಲ್ಲೇಖಿಸಿದ ಪತ್ರಿಕೆಗಳು ಯಾವ್ಯಾವು ಎಣಿಸು ಅಂದೆ. ಎಣಿಸಿದಳು. ಮೂರು ಪತ್ರಿಕೆ ಮತ್ತೆ ಮತ್ತೆ ಬಂದಿದ್ದವು. ಆ ಮೂರರ ಕಳೆದ ಒಂದು ವರ್ಷದ ಸಂಚಿಕೆಗಳನ್ನು ತೆಗೆದು ಜಿಲ್ಲಾ ಮಟ್ಟದ ಕೆಲಸಗಳನ್ನು ಹಾಕುತ್ತಾರಾ, ಕಳಿಸಿದ ತಾರೀಖಿಗೂ ಒಪ್ಪಿದ ತಾರೀಖಿಗೂ ಎಷ್ಟು ತಿಂಗಳ ಅಂತರ, ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಿಗುತ್ತಾ, ಲೇಖಕರಿಂದ ಎಷ್ಟು ಕೀಳುತ್ತಾರೆ ಅಂತ ಇಬ್ಬರೂ ಕೂತು ನೋಡಿದೆವು. ಒಂದು ಪೂರ್ತಿ ಪ್ರಯೋಗಾಲಯದ್ದು, ಬಿಟ್ಟೆವು. ಇನ್ನೊಂದರ ಶುಲ್ಕ ಅವಳ ನಾಲ್ಕು ತಿಂಗಳ ಸ್ಟೈಪೆಂಡ್. ಉಳಿದದ್ದು ಸಮುದಾಯ ಆರೋಗ್ಯದ್ದು, ನಮ್ಮ ದೇಶದ್ದು, ಓದಲಿಕ್ಕೆ ಉಚಿತ, ತಾಲ್ಲೂಕು ಆಸ್ಪತ್ರೆಯವರೂ ನೋಡುವಂಥದ್ದು. ಅವಳ ಗೈಡ್ ಮೊದಲು ಒಪ್ಪಲಿಲ್ಲ, ವಿದೇಶದ್ದೇ ಇರಲಿ ಅಂದರಂತೆ. ಈ ಫಲಿತಾಂಶ ಓದಿ ಕಬ್ಬಿಣದ ಮಾತ್ರೆ ಹಂಚುವವರು ಹೊಳಲ್ಕೆರೆ, ಹಿರಿಯೂರಿನಲ್ಲಿದ್ದಾರೆ ಸಾರ್ ಅಂದಳಂತೆ. ಕಳಿಸಿ ಎರಡು ತಿಂಗಳಾಯಿತು, ಒಬ್ಬ ವಿಮರ್ಶಕರು ಹನ್ನೊಂದು ಪ್ರಶ್ನೆ ಕೇಳಿದ್ದಾರೆ. ಏಳಕ್ಕೆ ಉತ್ತರ ಬರೆದಿದ್ದಾಳೆ, ಇನ್ನು ನಾಲ್ಕು ಬಾಕಿ.